ತಲೆ ತಿರುಗೋದು ಬೇರೆ, ಕಣ್ಣು ಕತ್ತಲೆ ಬರೋದು ಬೇರೆ

ಬೆಳಿಗ್ಗೆ ಐದೂವರೆಗೆ ಊರಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ. ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ಬೆಂಗಳೂರಲ್ಲಿ ಇರುವವರಿಗೆಲ್ಲ ಈ ಹೊತ್ತಿನ ರಿಂಗು ಎಂಥದ್ದು ಅಂತ ಗೊತ್ತು. ಎತ್ತಿದೆ. ಅಪ್ಪ.

"ನಿನ್ನಮ್ಮ ಹಾಸಿಗೆಯಿಂದ ಏಳೋಕೇ ಆಗಲ್ಲ ಅಂತಿದಾಳೆ. ಮನೆ ಗಿರಗಿರ ತಿರುಗ್ತದಂತೆ."

ಹಿಂದಿನಿಂದ ಅಮ್ಮನ ದನಿ. "ಅವನಿಗ್ಯಾಕೆ ಹೇಳ್ತೀರಿ ಮಾರಾಯ್ರೇ, ಪಿತ್ತ ಅಷ್ಟೇ."

ಆಮೇಲೆ ಗೊತ್ತಾಗಿದ್ದು ಇಷ್ಟು. ಬಚ್ಚಲ ಒಲೆಗೆ ಬೆಂಕಿ ಹಾಕಲು ಎಂದಿನಂತೆ ಐದಕ್ಕೆ ಎಚ್ಚರಾಗಿದೆ. ಬಲಕ್ಕೆ ಹೊರಳಿದ್ದಾಳೆ. ಒಂದೆರಡು ಸೆಕೆಂಡು ಏನೂ ಇಲ್ಲ. ಆಮೇಲೆ ಮಾಡಿನ ಜಂತಿ, ಫ್ಯಾನು, ಗೋಡೆ ಮೇಲಿನ ಕ್ಯಾಲೆಂಡರು ಎಲ್ಲ ಒಂದೇ ಕಡೆಗೆ ಓಡಲು ಶುರು. ಎಲ್ಲಿ ಬಿದ್ದುಬಿಡ್ತೀನೋ ಅಂತ ಮಂಚದ ಅಂಚನ್ನು ಎರಡೂ ಕೈಲಿ ಹಿಡಿದುಕೊಂಡಳಂತೆ. ಮಲಗಿರುವವಳು ಬೀಳುವುದಾದರೂ ಎಲ್ಲಿಗೆ? ವಾಂತಿ ಆಯಿತು. ಒಂದು ನಿಮಿಷದೊಳಗೆ ಎಲ್ಲ ನಿಂತಿತು. ಸರಿಹೋಯ್ತು ಅಂತ ಮತ್ತೆ ಹೊರಳಿದರೆ ಮತ್ತೆ ಅದೇ.

ನಾನು ರಾತ್ರಿ ಬಸ್ಸು ಹತ್ತಿ ತೀರ್ಥಹಳ್ಳಿ ಮುಟ್ಟುವ ಹೊತ್ತಿಗೆ ಕೇರಿಯವರೆಲ್ಲ ಒಂದೊಂದು ಕಾರಣ ಹುಡುಕಿಟ್ಟಿದ್ದರು. ಪಿತ್ತ ಕೆದರಿದೆ. ಬಿಪಿ ಏರಿದೆ. ಬಿಪಿ ಇಳಿದಿದೆ. ಗ್ಯಾಸು ತಲೆಗೆ ಏರಿದೆ. ಅತ್ತೆಯೊಬ್ಬರು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿಯೂ ಆಗಿತ್ತು. ಜೀರಿಗೆ ಕಷಾಯ ಎರಡು ಸಲ ಆಗಿತ್ತು. ಪೇಟೆಯ ಕ್ಲಿನಿಕ್ಕಿನಲ್ಲಿ ಬಿಪಿ ನೋಡಿ, ವಾಂತಿಗೆ ಮಾತ್ರೆ ಕೊಟ್ಟು, ತಲೆ ಸ್ಕ್ಯಾನ್ ಮಾಡಿಸಿ ಅಂತ ಬರೆದಿದ್ದರು. ಮಾಡಿಸಿದ್ದೂ ಆಯಿತು. ಅದರಲ್ಲಿ ಏನೂ ಇರಲಿಲ್ಲ. ಬಿಲ್ಲು ಮಾತ್ರ ಇತ್ತು. ಹಾಗಂತ ಬೈಯುವ ಹಾಗೂ ಇಲ್ಲ ಬಿಡಿ. ತಲೆ ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೇ ಓಡಬೇಕು. ಅಮ್ಮನಿಗೆ ಅದ್ಯಾವುದೂ ಇರಲಿಲ್ಲ. ತಲೆ ಅಲ್ಲಾಡಿಸದೆ ಕೂತರೆ ಆರಾಮಾಗಿ ಮಾತಾಡುತ್ತಿದ್ದಳು.

ಮರುದಿನ ಕಾರು ಮಾಡಿಕೊಂಡು ಆಗುಂಬೆ ಘಟ್ಟ ಇಳಿದೆವು. ಹದಿನಾಲ್ಕು ಹೇರ್‌ಪಿನ್ ತಿರುವು. ತಲೆ ತಿರುಗುವ ಹೆಂಗಸನ್ನು ಇದರಲ್ಲಿ ಹೇಗಪ್ಪಾ ಇಳಿಸೋದು ಅಂತ ನನಗೆ ಒಳಗೊಳಗೇ ಭಯ. ಅಮ್ಮ ಮುಂದಿನ ಸೀಟಲ್ಲಿ ಕತ್ತು ನೆಟ್ಟಗೆ ಇಟ್ಟುಕೊಂಡು ರಸ್ತೆಯನ್ನೇ ನೋಡುತ್ತಾ ಕೂತಳು. ನಾನು ಹಿಂದಿನ ಸೀಟಲ್ಲಿ ಫೋನ್ ಹಿಡಿದು ಇದೆಂಥ ಕಾಯಿಲೆ ಇರಬಹುದು ಅಂತ ಓದತೊಡಗಿದೆ. ಆರೋ ಏಳೋ ತಿರುವು ಆಗಿತ್ತು. ಕಾರು ನಿಲ್ಲಿಸಿ ರಸ್ತೆ ಪಕ್ಕ ವಾಂತಿ ಮಾಡಿದ್ದು ನಾನು. ಅಮ್ಮ ಚೀಲದಿಂದ ನಿಂಬೆಹಣ್ಣು ತೆಗೆದು ಉಗುರಲ್ಲಿ ಗೀರಿ ಮೂಗಿಗೆ ಹಿಡಿದಳು. "ಯಾರನ್ನು ಯಾರು ಆಸ್ಪತ್ರೆಗೆ ಕರ್ಕೊಂಡು ಹೋಗ್ತಿರೋದೋ?"

ಕಾರಣ ಸರಳ. ಕಾರು ತಿರುಗುತ್ತಿದೆ ಅಂತ ನನ್ನ ಕಿವಿ ಮೆದುಳಿಗೆ ಹೇಳುತ್ತಿತ್ತು. ಏನೂ ತಿರುಗುತ್ತಿಲ್ಲ, ಎದುರಿಗೆ ನಾಲ್ಕು ಸಾಲು ಅಕ್ಷರ ನೆಟ್ಟಗೆ ನಿಂತಿವೆ ಅಂತ ಕಣ್ಣು ಹೇಳುತ್ತಿತ್ತು. ಇಬ್ಬರು ಸಾಕ್ಷಿಗಳು ಎರಡು ಥರ ಹೇಳಿದರೆ ಮೆದುಳು ಗೊಂದಲಕ್ಕೆ ಬೀಳುತ್ತದೆ. ಆ ಗೊಂದಲ ಹೊಟ್ಟೆಯಲ್ಲಿ ಯಾಕೆ ಕಾಣಬೇಕು ಅಂದರೆ ಪೂರ್ತಿ ಒಪ್ಪುವಂಥ ಉತ್ತರ ಯಾರೂ ಕೊಟ್ಟಿಲ್ಲ. ಅಮ್ಮ ರಸ್ತೆ ನೋಡುತ್ತಿದ್ದಳು. ಅವಳ ಕಣ್ಣಿಗೂ ಕಿವಿಗೂ ಜಗಳ ಇರಲಿಲ್ಲ. ಸ್ಟೇರಿಂಗ್ ಹಿಡಿದವರಿಗೆ ಘಟ್ಟದಲ್ಲಿ ವಾಂತಿ ಬರುವುದು ಅಪರೂಪ, ಅಲ್ವಾ? ಮುಂದಿನ ತಿರುವು ಯಾವ ಕಡೆಗೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ.

ಘಟ್ಟದ ಕೆಳಗಿನ ಆಸ್ಪತ್ರೆಯ ಕಿವಿ ಡಾಕ್ಟರು ಸ್ಕ್ಯಾನಿನ ಲಕೋಟೆ ಬಿಚ್ಚಲೇ ಇಲ್ಲ. ಒಂದು ಪ್ರಶ್ನೆ ಕೇಳಿದರು.

"ಅಮ್ಮಾ, ನಿಮಗೆ ತಲೆ ತಿರುಗೋದಾ, ಕಣ್ಣು ಕತ್ತಲೆ ಬರೋದಾ, ಇಲ್ಲ ನಡೆಯುವಾಗ ತೂರಾಡೋದಾ?"

ಅಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ಕತ್ತಲೆ ಎಲ್ಲ ಇಲ್ಲ. ಎಲ್ಲ ಸರಿಯಾಗಿ ಕಾಣ್ತದೆ, ಆದ್ರೆ ತಿರುಗ್ತದೆ. ಹೊರಳಿದ್ರೆ ಮಾತ್ರ. ಅಟ್ಟ ನೋಡಕ್ಕೆ ಕತ್ತೆತ್ತಿದ್ರೂ ಬರ್ತದೆ."

"ಅರ್ಧ ಕೆಲಸ ಆಯ್ತು ನೋಡಿ," ಅಂದರು ಡಾಕ್ಟರು.

ನನಗೆ ಆ ಪ್ರಶ್ನೆಯೇ ತುಂಬಾ ಹಿಡಿಸಿತು. ನಾವು ಎಲ್ಲದಕ್ಕೂ ತಲೆಸುತ್ತು ಅಂದುಬಿಡುತ್ತೇವೆ. ಆದರೆ ಮನೆಮಾತಿನಲ್ಲಿ ಈ ಮೂರಕ್ಕೂ ಬೇರೆ ಬೇರೆ ಹೆಸರು ಮೊದಲಿಂದಲೂ ಇದೆ. ಮೂರೂ ಮೈಯ ಬೇರೆ ಬೇರೆ ಜಾಗದ ದೂರು.

ಕಣ್ಣು ಕತ್ತಲೆ ಬರುವುದು ರಕ್ತದ ವಿಷಯ. ಮಲಗಿದ್ದವರು ಎದ್ದು ನಿಂತರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ರಕ್ತ ಎದೆಯ ಕಡೆಯಿಂದ ಕಾಲು, ಹೊಟ್ಟೆಯ ಕಡೆಗೆ ಜಾರುತ್ತದೆ. ಸುಮ್ನೆ ಬಿಟ್ಟರೆ ಮೆದುಳಿಗೆ ಕಡಿಮೆ ಬೀಳುತ್ತದೆ. ದವಡೆಯ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದಲ್ಲ, ಆ ನಾಳದ ಗೋಡೆಯಲ್ಲಿ ಒತ್ತಡ ಅಳೆಯುವ ನರಗಳಿವೆ. ಗೋಡೆ ಹಿಗ್ಗುವುದು ಕಡಿಮೆ ಆಯಿತು ಅಂತ ಅವು ಹೇಳಿದ ಕೂಡಲೇ ಹೃದಯ ಬೇಗ ಬಡಿಯುತ್ತದೆ, ಕಾಲಿನ ನಾಳಗಳು ಬಿಗಿಯಾಗುತ್ತವೆ. ಕೆಲವೇ ಸೆಕೆಂಡಿನ ಕೆಲಸ. ನಾಟಿ ಗದ್ದೆಯಲ್ಲಿ ಬಗ್ಗಿದ್ದವರು ಥಟ್ಟನೆ ಸೊಂಟ ನೇರ ಮಾಡಿದಾಗ ಒಮ್ಮೆ ಕಪ್ಪು ಕವಿದು ತಿಳಿಯಾಗುವುದು ಈ ಕೆಲಸ ಚೂರು ತಡವಾದಾಗ. ನೀರು ಕಡಿಮೆ ಕುಡಿದಿದ್ದರೆ, ವಯಸ್ಸಾಗಿದ್ದರೆ, ಕೆಲವು ಬಿಪಿ ಮಾತ್ರೆ ನುಂಗುತ್ತಿದ್ದರೆ ಇನ್ನೂ ತಡ.

ತೂರಾಡುವುದರ ಕತೆಗೆ ಆಮೇಲೆ ಬರುತ್ತೇನೆ. ಅಮ್ಮನದು ತಿರುಗುವ ಕತೆ, ಅದರ ಮನೆ ಕಿವಿ.

ಒಂದು ತಂಬಿಗೆಯಲ್ಲಿ ನೀರು ತುಂಬಿ ಮೇಲೊಂದು ತುಳಸಿ ಎಲೆ ಬಿಡಿ. ಈಗ ತಂಬಿಗೆಯನ್ನು ಕೈಯಲ್ಲೇ ತಟ್ಟನೆ ತಿರುಗಿಸಿ. ತಂಬಿಗೆ ತಿರುಗುತ್ತದೆ, ಎಲೆ ಇದ್ದಲ್ಲೇ ಇರುತ್ತದೆ. ತಿರುಗಿಸುತ್ತಲೇ ಇದ್ದರೆ ನಿಧಾನಕ್ಕೆ ನೀರೂ ಸುತ್ತತೊಡಗುತ್ತದೆ. ಆಮೇಲೆ ತಂಬಿಗೆ ನಿಲ್ಲಿಸಿದರೆ ನೀರು ನಿಲ್ಲುವುದಿಲ್ಲ, ಎಲೆ ಸುತ್ತುತ್ತಲೇ ಇರುತ್ತದೆ. ಕಿವಿಯ ಒಳಗಿನ ಮೂಳೆಯಲ್ಲಿ ಹೀಗೇ ನೀರು ತುಂಬಿದ ಮೂರು ಸಣ್ಣ ಕೊಳವೆಗಳಿವೆ, ಪ್ರತಿ ಕಿವಿಗೆ ಮೂರು, ಒಂದೊಂದೂ ಅರ್ಧ ಬಳೆಯ ಹಾಗೆ ಬಾಗಿವೆ. ಒಂದಕ್ಕೊಂದು ಅಡ್ಡಡ್ಡ ಕೂತಿವೆ, ಗೋಡೆ, ಗೋಡೆ, ನೆಲ ಸೇರುವ ಮೂಲೆಯ ಹಾಗೆ. ಮೂರೂ ಸೇರಿ ಅರ್ಧ ಅಡಿಕೆಯಷ್ಟೂ ಜಾಗ ತಿನ್ನುವುದಿಲ್ಲ. ತಲೆ ತಿರುಗಿಸಿದಾಗ ಕೊಳವೆ ಮುಂದೆ ಹೋಗುತ್ತದೆ, ಒಳಗಿನ ನೀರು ಹಿಂದುಳಿಯುತ್ತದೆ. ಹಿಂದುಳಿದ ನೀರು ಅಲ್ಲಿರುವ ಅಂಟಿನಂಥ ಪರದೆಯೊಂದನ್ನು ತಳ್ಳುತ್ತದೆ. ಅದರೊಳಗೆ ಹೂತಿರುವ ಸೂಕ್ಷ್ಮ ರೋಮಗಳು ಬಾಗುತ್ತವೆ. ತಲೆ ಯಾವ ಕಡೆಗೆ, ಎಷ್ಟು ಜೋರಾಗಿ ತಿರುಗಿತು ಅಂತ ಮೆದುಳಿಗೆ ತಿಳಿಯುವುದು ಹೀಗೆ.

ಚಿಕ್ಕಂದಿನಲ್ಲಿ ಕೈ ಕೈ ಹಿಡಿದು ಅಪ್ಪಾಲೆ ತಿಪ್ಪಾಲೆ ತಿರುಗಿ, ನಿಂತ ಮೇಲೂ ಅಂಗಳ ತಿರುಗುತ್ತಿತ್ತಲ್ಲ, ಅದು ಈ ತುಳಸಿ ಎಲೆ. ನಾವು ನಿಂತೆವು, ನೀರು ನಿಲ್ಲಲಿಲ್ಲ.

ಇದರ ಪಕ್ಕದಲ್ಲೇ ಇನ್ನೆರಡು ಚೀಲಗಳಿವೆ. ಯಾವುದು ಮೇಲೆ ಯಾವುದು ಕೆಳಗೆ, ಮುಂದೆ ಹೋಗ್ತಿದ್ದೇವೋ ಹಿಂದೆ ಬರ್ತಿದ್ದೇವೋ ಅಂತ ನೋಡಿಕೊಳ್ಳುವುದು ಅವುಗಳ ಕೆಲಸ. ಅಲ್ಲಿನ ರೋಮಗಳ ಮೇಲೆ ಭಾರಕ್ಕೆ ಅಂತ ಸಣ್ಣ ಸಣ್ಣ ಹರಳುಗಳು ಕೂತಿರುತ್ತವೆ. ಕೂದಲೆಳೆಯ ದಪ್ಪಕ್ಕಿಂತಲೂ ಚಿಕ್ಕವು. ಯಾವುದರ ಹರಳು ಅಂತ ಕೇಳಿದರೆ ಅಮ್ಮನಿಗೆ ನಗು ಬಂತು. ಕ್ಯಾಲ್ಸಿಯಂ ಕಾರ್ಬೊನೇಟ್. ಕಪ್ಪೆಚಿಪ್ಪಿನಲ್ಲಿ ಇರುವುದು ಅದೇ, ಸುಣ್ಣದ ಡಬ್ಬಿಯ ಅಂಚಲ್ಲಿ ಒಣಗಿ ಗಟ್ಟಿಯಾಗುವುದೂ ಅದೇ.

"ಎಲೆ ಅಡಿಕೆ ಹಾಕಿದ್ದಕ್ಕೆ ಸುಣ್ಣ ಕಿವಿಗೆ ಹೋಯ್ತಾ ಡಾಕ್ಟ್ರೇ?"

ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ವಯಸ್ಸಾದಂತೆ, ಕೆಲವೊಮ್ಮೆ ತಲೆಗೆ ಪೆಟ್ಟು ಬಿದ್ದಾಗ, ಈ ಹರಳು ತಾನಿದ್ದ ಜಾಗ ಬಿಟ್ಟು ಜಾರುತ್ತದೆ. ಐವತ್ತು ದಾಟಿದವರಲ್ಲಿ ಜಾಸ್ತಿ, ಅದರಲ್ಲೂ ಹೆಂಗಸರಲ್ಲಿ. ಜಾರಿದ್ದು ಪಕ್ಕದ ಕೊಳವೆಗೆ ಬಿದ್ದರೆ ತಂಟೆ ಶುರು. ಹೊರಳಿದಾಗ ಹರಳು ಕೊಳವೆಯೊಳಗೆ ಕೆಳಮುಖವಾಗಿ ಉರುಳುತ್ತದೆ, ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ನೀರು ಹರಿಯಿತು ಅಂದರೆ ತಲೆ ತಿರುಗುತ್ತಿದೆ ಅಂತಲೇ ಮೆದುಳಿಗೆ ಗೊತ್ತಿರುವ ಲೆಕ್ಕ. ಹರಳು ತಳ ಮುಟ್ಟಿದ ಮೇಲೆ ನೀರು ನಿಲ್ಲುತ್ತದೆ, ಮನೆಯೂ ನಿಲ್ಲುತ್ತದೆ. ಒಂದೆರಡು ಸೆಕೆಂಡು ತಡವಾಗಿ ಶುರುವಾಗಿ ನಿಮಿಷದೊಳಗೆ ನಿಲ್ಲುತ್ತಿದ್ದದ್ದು ಇದಕ್ಕೇ.

ಈ ಕಾಯಿಲೆಗೆ ಡಾಕ್ಟರುಗಳ ಬಾಯಲ್ಲಿ ಬಿಪಿಪಿವಿ ಅಂತ ಹೆಸರು. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ನಾನು ಹೇಳಿದ್ನಲ್ಲ, ಬಿಪಿ ಅಂತ," ಅಂದರು. ಅಲ್ಲಪ್ಪಾ ಅಂತ ಬಿಡಿಸಿ ಹೇಳುವಷ್ಟರಲ್ಲಿ ಕೇರಿಗೆಲ್ಲ ಬಿಪಿ ಅಂತಲೇ ಸುದ್ದಿ ಹೋಗಿತ್ತು.

ಅಮ್ಮನನ್ನು ಮೇಜಿನ ಮೇಲೆ ಕಾಲು ಚಾಚಿ ಕೂರಿಸಿದರು. ತಲೆಯನ್ನು ಬಲಕ್ಕೆ ಅರ್ಧ ತಿರುಗಿಸಿ ಹಿಡಿದುಕೊಂಡು, ಹಾಗೇ ಬೇಗ ಹಿಂದಕ್ಕೆ ಮಲಗಿಸಿದರು. ತಲೆ ಮೇಜಿನ ಅಂಚಿನಿಂದ ಚೂರು ಕೆಳಗೆ ಜೋತಿತ್ತು. "ಕಣ್ಣು ಮುಚ್ಚಬೇಡಿ ಅಮ್ಮಾ, ಕಣ್ಣು ಬಿಡಿ." ನಾನು ಮೇಲಿಂದ ಬಗ್ಗಿ ನೋಡುತ್ತಿದ್ದೆ. ಎರಡು ಸೆಕೆಂಡು ಸುಮ್ನೆ. ಆಮೇಲೆ ಅಮ್ಮನ ಕಣ್ಣುಗುಡ್ಡೆಗಳು ತಮ್ಮಷ್ಟಕ್ಕೆ ತಾವೇ ಕುಣಿಯತೊಡಗಿದವು. ಮೆಲ್ಲಗೆ ಒಂದು ಕಡೆ ಜಾರುವುದು, ಫಕ್ಕನೆ ವಾಪಸ್ ಬರುವುದು, ಜಾರುವುದು, ವಾಪಸ್ ಬರುವುದು. ಸ್ಕ್ರೂ ತಿರುಗಿಸಿದ ಹಾಗೆ ಒಂದು ತಿರುಚು ಬೇರೆ. ಅಮ್ಮ ಡಾಕ್ಟರ ಕೋಟಿನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಅರವತ್ತೆರಡು ವರ್ಷದ ನನ್ನ ಅಮ್ಮನ ಕಣ್ಣನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದೇ ಇಲ್ಲ ಅನ್ನಿಸಿತು. ಕರಿ ಸುತ್ತ ಬೂದು ಬಣ್ಣದ ಒಂದು ಬಳೆ ಬಂದಿದೆ.

ಕುಣಿತ ನಿಂತ ಮೇಲೂ ಅರ್ಧ ನಿಮಿಷ ಕಾದರು. ತಲೆಯನ್ನು ಎಡಕ್ಕೆ ಹೊರಳಿಸಿದರು, ಕಾದರು. ಮೈಯನ್ನೂ ಎಡಕ್ಕೆ ಮಗುಚಿ ಮೂಗು ನೆಲ ನೋಡುವ ಹಾಗೆ ಮಾಡಿದರು, ಕಾದರು. ಆಮೇಲೆ ಎಬ್ಬಿಸಿ ಕೂರಿಸಿದರು. ಜಾತ್ರೆಯಲ್ಲಿ ಒಂದು ಆಟಿಕೆ ಸಿಗುತ್ತಿತ್ತು, ನೆನಪಿದೆಯಾ? ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಸಣ್ಣ ಉಕ್ಕಿನ ಗುಂಡು, ಡಬ್ಬಿಯನ್ನು ಆ ಕಡೆ ಈ ಕಡೆ ವಾಲಿಸಿ ಗುಂಡನ್ನು ಕುಳಿಗೆ ಬೀಳಿಸಬೇಕು. ಇದೂ ಅದೇ. ತಲೆಯೇ ಡಬ್ಬಿ. ಹರಳನ್ನು ಕೊಳವೆಯ ಒಂದೊಂದೇ ತಿರುವು ದಾಟಿಸಿ ಬಂದ ಜಾಗಕ್ಕೇ ಉರುಳಿಸುವುದು. ಮಾತ್ರೆ ಇಲ್ಲ, ಚುಚ್ಚುವುದು ಇಲ್ಲ. ಐದು ನಿಮಿಷ ಆಗಿರಬಹುದು.

ಇದನ್ನು ಕಂಡುಹಿಡಿದದ್ದು ಅಮೆರಿಕದ ಪೋರ್ಟ್‌ಲ್ಯಾಂಡಿನ ಜಾನ್ ಎಪ್ಲಿ ಅನ್ನುವ ಕಿವಿ ಡಾಕ್ಟರು. 1980ರಲ್ಲಿ ಅವರು ಇದನ್ನು ತೋರಿಸಿದಾಗ ಜೊತೆಯವರಲ್ಲಿ ಹೆಚ್ಚಿನವರು ನಂಬಲಿಲ್ಲ. ತಲೆ ಹೊರಳಿಸಿದರೆ ಕಾಯಿಲೆ ಹೋಗುತ್ತದೆ ಅಂದರೆ ಮಂತ್ರ ಹಾಕಿದ ಹಾಗೆ ಕೇಳುತ್ತದೆ ನೋಡಿ. ಅವರ ಮುಖ್ಯ ಲೇಖನ ಅಚ್ಚಾಗಿದ್ದು 1992ರಲ್ಲಿ. ವಿಡಿಯೊ ನೋಡಿ ಮನೆಯಲ್ಲೇ ಮಾಡಿಕೊಳ್ಳಬಹುದಾ ಅಂತ ಕೇಳಿದೆ. ಯಾವ ಕಿವಿ, ಯಾವ ಕೊಳವೆ ಅಂತ ಗೊತ್ತಿಲ್ಲದೆ ಬೇಡ, ಕತ್ತಿನ ತೊಂದರೆ ಇದ್ದವರಂತೂ ಬೇಡ ಅಂದರು.

ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಆ ಕುಣಿಯುವ ಕಣ್ಣು. ಕಿವಿಯ ತಪ್ಪಿಗೆ ಕಣ್ಣು ಯಾಕೆ ಕುಣಿಯಬೇಕು? ಈಗಲೇ ಒಂದು ಪರೀಕ್ಷೆ ಮಾಡಿ ನೋಡಿ. ಇದನ್ನು ಓದುತ್ತಿರುವ ಫೋನನ್ನು ಎಡಕ್ಕೆ ಬಲಕ್ಕೆ ಬೇಗ ಬೇಗ ಅಲ್ಲಾಡಿಸಿ. ಅಕ್ಷರ ಕಲಸಿಹೋಗುತ್ತದೆ. ಈಗ ಫೋನು ಹಾಗೇ ಇರಲಿ, ಅಷ್ಟೇ ಜೋರಾಗಿ ತಲೆ ಅಲ್ಲಾಡಿಸಿ. ಓದಬಹುದು! ತಲೆ ಎಷ್ಟು ಎಡಕ್ಕೆ ಹೋಯಿತೋ ಅಷ್ಟೇ ಬಲಕ್ಕೆ ಕಣ್ಣನ್ನು ತಿರುಗಿಸು ಅಂತ ಕಿವಿ ನೇರ ಹೇಳಿಬಿಡುತ್ತದೆ. ಸೆಕೆಂಡಿನ ಸುಮಾರು ನೂರನೇ ಒಂದು ಭಾಗದಲ್ಲಿ. ಅಮ್ಮನ ಕಿವಿ ಇಲ್ಲದ ತಿರುಗಾಟವನ್ನು ವರದಿ ಮಾಡಿತ್ತು, ಕಣ್ಣು ಪಾಪ ಹೇಳಿದ ಹಾಗೆ ಕೇಳಿತ್ತು.

ಈ ನಂಟು ಕಡಿದುಹೋದರೆ ಹೇಗಿರುತ್ತದೆ ಅಂತ 1952ರಲ್ಲಿ ಒಬ್ಬ ವೈದ್ಯರೇ ಬರೆದಿದ್ದಾರೆ. ಸ್ಟ್ರೆಪ್ಟೊಮೈಸಿನ್ ಔಷಧಿಯಿಂದ ಅವರ ಎರಡೂ ಕಿವಿಯ ಈ ಭಾಗ ಕೆಟ್ಟಿತ್ತು. ನಡೆಯುವಾಗ ಎದುರು ಬರುವವರ ಮುಖ ಕುಲುಕಿ ಕುಲುಕಿ ಗುರುತೇ ಸಿಗುತ್ತಿರಲಿಲ್ಲ, ನಿಂತರೆ ಮಾತ್ರ ಸಿಗುತ್ತಿತ್ತು. ಮಂಚದ ಮೇಲೆ ಕೂತು ಓದಬೇಕಾದರೆ ತಲೆಯನ್ನು ಮಂಚದ ಸರಳುಗಳ ನಡುವೆ ಒತ್ತಿ ಇಟ್ಟುಕೊಳ್ಳಬೇಕಿತ್ತು. ಇಲ್ಲದಿದ್ದರೆ ಎದೆಬಡಿತಕ್ಕೆ ತಲೆ ಅಲುಗಿ ಅಕ್ಷರಗಳು ಹಾರುತ್ತಿದ್ದವು. ನಮ್ಮೆಲ್ಲರ ತಲೆಯೂ ಎದೆಬಡಿತಕ್ಕೆ ಹಾಗೇ ಅಲುಗುತ್ತದೆ. ನಮಗೆ ಗೊತ್ತಾಗುವುದಿಲ್ಲ, ಅಷ್ಟೇ.

ಕಿವಿಯ ಈ ಗುಟ್ಟು ಬಿಚ್ಚಿದವರಲ್ಲಿ ವಿಯೆನ್ನಾದ ಕಿವಿ ಡಾಕ್ಟರು ರಾಬರ್ಟ್ ಬಾರಾನಿ ದೊಡ್ಡ ಹೆಸರು. ಕಿವಿ ತೊಳೆಸಿಕೊಳ್ಳುವ ರೋಗಿಯೊಬ್ಬ, ನೀರು ತಣ್ಣಗಿದೆ, ತಲೆ ಸುತ್ತುತ್ತದೆ ಅಂದನಂತೆ. ಬಿಸಿ ಜಾಸ್ತಿ ಮಾಡಿ ಹಾಕಿದರೆ ಅದಕ್ಕೂ ಸುತ್ತು, ಆದರೆ ಕಣ್ಣು ಈ ಸಲ ಉಲ್ಟಾ ದಿಕ್ಕಿಗೆ ಕುಣಿಯುತ್ತಿತ್ತು. ಬಾರಾನಿಗೆ ಆಗ ನೆನಪಾದದ್ದು ಸ್ನಾನದ ನೀರು ಕಾಯಿಸುವ ಪಾತ್ರೆ. ಬಿಸಿ ನೀರು ಮೇಲೇರುತ್ತದೆ, ತಣ್ಣಗಿನದು ಕೆಳಗೆ ಉಳಿಯುತ್ತದೆ. ಕೊಳವೆಯ ಒಳಗೂ ಅದೇ. 1914ರ ನೊಬೆಲ್ ಅವರಿಗೆ ಬಂದ ಸುದ್ದಿ ತಲುಪಿದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ. ಅಜ್ಜಿಯರು ಕಿವಿಗೆ ಎಣ್ಣೆ ಬಿಡುವ ಮುಂಚೆ ಮೊಣಕೈ ಮೇಲೆ ಒಂದು ಹನಿ ಹಾಕಿ ಬಿಸಿ ನೋಡುತ್ತಿದ್ದರು. ಎಣ್ಣೆ ಬಿಡುವುದೇ ತಪ್ಪು ಅಂತ ಈಗಿನ ಡಾಕ್ಟರುಗಳು ಬೈಯುತ್ತಾರೆ, ಸರಿಯೇ. ಆದರೆ ಬಿಸಿ ನೋಡುವ ಬುದ್ಧಿ ಅಜ್ಜಿಗೆ ಎಲ್ಲಿಂದ ಬಂತೋ.

ಇನ್ನು ತೂರಾಡುವುದು. ಇದು ಪಾದದ ಕತೆ. ಕೀಲು, ಸ್ನಾಯು, ಅಂಗಾಲು ಇವೆಲ್ಲ ಮೈ ಎಲ್ಲಿ ಹೇಗಿದೆ ಅಂತ ಸದಾ ಸುದ್ದಿ ಕಳಿಸುತ್ತಿರುತ್ತವೆ. ನಮ್ಮ ದೊಡ್ಡಪ್ಪನಿಗೆ ಇಪ್ಪತ್ತು ವರ್ಷದ ಶುಗರು. ಪಾದ ಮರಗಟ್ಟಿದೆ. ಒಂದು ಕಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದರೂ ಗೊತ್ತಾಗದೆ ಮನೆವರೆಗೆ ಬಂದಿದ್ದಾರೆ. ಹಗಲು ನಡೆಯುತ್ತಾರೆ, ಯಾಕೆಂದರೆ ಕಣ್ಣು ನೋಡಿಕೊಳ್ಳುತ್ತದೆ. ಕರೆಂಟು ಹೋದರೆ ಗೋಡೆ ಬೇಕು. ಬಚ್ಚಲಲ್ಲಿ ತಲೆಗೆ ನೀರು ಹೊಯ್ದುಕೊಂಡು ಕಣ್ಣು ಮುಚ್ಚಿದ ಕೂಡಲೇ ವಾಲುತ್ತಾರೆ. ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುವ ಪರೀಕ್ಷೆ ನರರೋಗದ ಡಾಕ್ಟರುಗಳು ಈಗಲೂ ಮಾಡುತ್ತಾರೆ, ಬರ್ಲಿನ್ನಿನ ರಾಂಬರ್ಗ್ ಹೆಸರಲ್ಲಿ. ಕಣ್ಣು, ಕಿವಿ, ಪಾದ. ಮೂರರಲ್ಲಿ ಎರಡು ಸರಿಯಿದ್ದರೆ ಮನುಷ್ಯ ಹೇಗೋ ನಿಲ್ಲುತ್ತಾನೆ. ಒಂದೇ ಉಳಿದರೆ ಕಷ್ಟ.

ನಮ್ಮ ತೋಟಕ್ಕೆ ಅಡಿಕೆ ಕೊನೆ ಇಳಿಸಲು ಬರುವ ಕೊನೆಗಾರರನ್ನು ಆ ವಾರ ನಾನು ಬೇರೆಯೇ ಕಣ್ಣಲ್ಲಿ ನೋಡಿದೆ. ಕಾಲಿಗೆ ತಳೆ ಹಾಕಿ ಮರದ ತುದಿಗೆ ಹೋಗಿ, ಮರವನ್ನೇ ತೂಗಿ, ಪಕ್ಕದ ಮರವನ್ನು ಕೈಯಲ್ಲಿ ಹಿಡಿದು ದಾಟಿಬಿಡುತ್ತಾರೆ. ಕೆಳಗೆ ನಿಂತ ನನಗೆ ಅಂಗಾಲು ಜುಮ್ ಅನ್ನುತ್ತದೆ. ಹೇಗೆ ಮಾಡ್ತೀರಿ ಅಂತ ಕೇಳಿದೆ. "ಮರ ಎತ್ತ ಹೋಗ್ತದೋ ಅತ್ತ ಹೋಗಿ ಬರೋದು. ಗಟ್ಟಿ ಹಿಡ್ಕೊಂಡು ನೆಟ್ಟಗೆ ಇರ್ತೀನಿ ಅಂದ್ರೆ ಬೀಳ್ತೀವಿ."

ಮೈ ಇದನ್ನೇ ಎಲ್ಲ ಕಡೆ ಮಾಡುತ್ತಿರುತ್ತದೆ. ಸುಮ್ಮನೆ ನಿಂತಿದ್ದೇವೆ ಅಂದುಕೊಂಡಾಗಲೂ ಕಣಕಾಲಿನ ಹತ್ತಿರ ನಾವು ಒಂದಿಷ್ಟು ಮುಂದೆ ಹಿಂದೆ ತೂಗುತ್ತಲೇ ಇರುತ್ತೇವೆ. ಮೈ ಬಿಸಿ, ರಕ್ತದ ಸಕ್ಕರೆ, ಒತ್ತಡ ಯಾವುದೂ ಒಂದೇ ಗೆರೆ ಮೇಲೆ ನಿಲ್ಲುವುದಿಲ್ಲ. ಈ ಗುಣಕ್ಕೆ 1926ರಲ್ಲಿ ಹೋಮಿಯೋಸ್ಟಾಸಿಸ್ ಅಂತ ಹೆಸರಿಟ್ಟ ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಕೂಡ ಹೋಮಿಯೋ ಅನ್ನುವ ಪದವನ್ನು ಬೇಕೆಂದೇ ಆರಿಸಿಕೊಂಡರು. ಅದರ ಅರ್ಥ 'ಅದೇ' ಅಂತಲ್ಲ, 'ಅದರ ಹಾಗೆ' ಅಂತ. ಅಡಿಕೆ ಮಂಡಿಯ ತಕ್ಕಡಿ ಮುಳ್ಳು ನಡುವೆ ಬಂದು ನಿಲ್ಲುವ ಮುಂಚೆ ಅತ್ತಿತ್ತ ಆಡುತ್ತದಲ್ಲ, ಮೈಯ ಮುಳ್ಳು ಬದುಕಿರುವಷ್ಟು ದಿನ ಆಡುತ್ತಲೇ ಇರುತ್ತದೆ.

ಹರಳು ಕೂತ ಮೇಲೂ ಎರಡು ಮೂರು ದಿನ ಅಮ್ಮನಿಗೆ ಹತ್ತಿಯ ಮೇಲೆ ನಡೆದ ಹಾಗೆ ಇತ್ತು. ಮತ್ತೆ ಬರಬಹುದು, ಬಂದರೆ ಮತ್ತೆ ಮಾಡೋಣ ಅಂದಿದ್ದರು ಡಾಕ್ಟರು. ನನಗೆ ಚಿಂತೆ ಇದ್ದದ್ದು ಮನೆ ಕೆಳಗಿನ ಹಳ್ಳದ ಕಾಲುಸಂಕದ್ದು. ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ್ದು, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು. ತಲೆ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ಆ ಬಿದಿರನ್ನು ಮುಟ್ಟದೆ ಅಮ್ಮ ನಲವತ್ತು ವರ್ಷ ದಾಟಿದ್ದಾಳೆ. ಸ್ವಲ್ಪ ದಿನ ಆ ಕಡೆ ಹೋಗಬೇಡ ಅಂತ ಹೇಳಿ ಬೆಂಗಳೂರಿಗೆ ಬಂದೆ.

ಮುಂದಿನ ಭಾನುವಾರ ಫೋನ್ ಮಾಡಿದರೆ ಅಪ್ಪ ಎತ್ತಿದರು. ಅಮ್ಮ ಎಲ್ಲಿ? ಸಂಕ ದಾಟಿ ಆಚೆ ಮನೆಗೆ ಹೋಗಿದ್ದಾಳೆ. ಅಲ್ಲಿನ ಅಕ್ಕನಿಗೂ ತಲೆಸುತ್ತಂತೆ. ಬಿದಿರು ಹಿಡಿದುಕೊಂಡೇ ಹೋದಳು ಅಂತ ಅಪ್ಪ ಸಮಾಧಾನ ಹೇಳಿದರು.

ಸಂಜೆ ಅಮ್ಮನೇ ಮಾಡಿದಳು. ತಂಬಿಗೆ ತರಿಸಿ, ತುಳಸಿ ಎಲೆ ಬಿಟ್ಟು, ತಿರುಗಿಸಿ ತೋರಿಸಿ ಬಂದಿದ್ದಾಳೆ. ತಿರುಗೋದಾ, ಕತ್ತಲೆ ಬರೋದಾ, ತೂರಾಡೋದಾ ಅಂತ ಕೇಳಿದ್ದಾಳೆ. ಕತ್ತಲೆ ಅಂತ ಉತ್ತರ ಬಂದಿದೆ. ಹಾಗಾದ್ರೆ ಇದು ನನ್ನದಲ್ಲ, ನೀರು ಜಾಸ್ತಿ ಕುಡಿ, ಬಿಪಿ ಮಾತ್ರೆ ಕೊಟ್ಟವರ ಹತ್ರ ಒಮ್ಮೆ ಹೋಗಿ ಬಾ ಅಂದಿದ್ದಾಳೆ.

"ಅವ್ಳು ಎಂತ ಅಂದ್ಳು?"

"ಅಷ್ಟೆಲ್ಲ ಕೇಳಿ, ಹಂಗಾದ್ರೆ ಪಿತ್ತ ಅಲ್ವೇನೇ ಅಂದ್ಳು."

"ನೀನೆಂತ ಅಂದೆ?"

"ಪಿತ್ತನೂ ಸ್ವಲ್ಪ ಇರ್ತದೆ ಅಂದೆ. ಕಷಾಯ ಇಟ್ಟಿದ್ಲು, ಕುಡ್ಕೊಂಡು ಬಂದೆ."